ಮೊದಲ ತಿಂಗಳ ಸಂಬಳ ಯಾವ ದುಡ್ಡಿನಲ್ಲಿ? ಸ್ಕಾಟ್ಲೆಂಡಿನ ಕನ್ನಡಿಗರಿಗೊಂದು ಬಹಿರಂಗ ಪತ್ರ

ಗ್ಲಾಸ್ಗೋ, ಎಡಿನ್‌ಬರಾ, ಅಬರ್ಡೀನ್, ಡಂಡೀ ಮುಂತಾದ ಊರುಗಳಲ್ಲಿ ನೆಲೆಸಿರುವ ಎಲ್ಲ ಕನ್ನಡಿಗರಿಗೆ,

ನಮಸ್ಕಾರ.

ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಬೇಕೆ ಎಂಬ ಪ್ರಶ್ನೆ 2014ರ ಜನಮತಗಣನೆಯೊಂದಿಗೆ ಮುಗಿದುಹೋಗಲಿಲ್ಲ. ಚುನಾವಣೆ ಹತ್ತಿರವಾದಾಗಲೆಲ್ಲ ಮತ್ತೆ ತಲೆ ಎತ್ತುತ್ತದೆ. ನಮ್ಮವರು ನಾಲ್ಕು ಜನ ಸೇರಿದ ಕಡೆ ಈ ಮಾತು ಬಂದರೆ ನನಗೆ ಕೇಳಿಸುವುದು ಎರಡೇ ಬಗೆಯ ಉತ್ತರ. ಒಂದು: "ಅದು ಅವರವರ ಮನೆ ಜಗಳ, ನಮಗ್ಯಾಕೆ ಉಸಾಬರಿ?" ಇನ್ನೊಂದು: "ನಾವೂ ಬ್ರಿಟಿಷರಿಂದ ಬಿಡಿಸಿಕೊಂಡೆವಲ್ಲ, ಇವರೂ ಬಿಡಿಸಿಕೊಳ್ಳಲಿ ಬಿಡಿ." ಎರಡೂ ನನಗೆ ಒಪ್ಪಿಗೆಯಿಲ್ಲ. ಅದಕ್ಕೇ ಈ ಪತ್ರ.

ಉಸಾಬರಿ ಯಾಕೆ ಎಂದರೆ, ಮತ ನಮ್ಮ ಕೈಯಲ್ಲೂ ಇದೆ. 2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನಲ್ಲಿ ವಾಸವಿದ್ದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳೆಲ್ಲ ಮತ ಹಾಕಬಹುದಿತ್ತು. ಅಂದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿ ದುಡಿಯುತ್ತಿದ್ದ ನರ್ಸು, ಡಾಕ್ಟರು, ಸಾಫ್ಟ್‌ವೇರಿನವರು ಎಲ್ಲರೂ. ಹದಿನಾರು ತುಂಬಿದ ಮಕ್ಕಳಿಗೂ ಹಕ್ಕಿತ್ತು. ಆದರೆ ಎಡಿನ್‌ಬರಾದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಕೆಲಸಕ್ಕಿದ್ದ ಸ್ಕಾಟಿಗೆ ಇರಲಿಲ್ಲ. ಈ ನೆಲದಲ್ಲಿ ಇರುವವರು ಈ ನೆಲದ ವಿಷಯ ತೀರ್ಮಾನಿಸಲಿ ಎಂಬ ದೊಡ್ಡ ಮನಸ್ಸು ಅದು. ನೂರಕ್ಕೆ 84.6 ಮಂದಿ ಬಂದು ಮತ ಹಾಕಿದರು. ಬೇರೆಯಾಗುವುದು ಬೇಡ ಎಂದವರು ಶೇ 55.3, ಬೇಕು ಎಂದವರು ಶೇ 44.7. ನಾನೂ ಹಾಕಿದ್ದೆ. ಯಾವುದಕ್ಕೆ ಎಂಬುದು ನನಗೂ ಆ ಪೆಟ್ಟಿಗೆಗೂ ಬಿಟ್ಟ ವಿಚಾರ.

ಇನ್ನು ಎರಡನೆಯ ಉತ್ತರ. ಸ್ಕಾಟ್ಲೆಂಡ್ ಇಂಗ್ಲೆಂಡಿನ ವಸಾಹತಾಗಿರಲಿಲ್ಲ. 1690ರ ದಶಕದ ಕೊನೆಗೆ ಪನಾಮಾ ಭೂಕಂಠದ ಡೇರಿಯನ್ನಿನಲ್ಲಿ ತಾನೇ ಒಂದು ವಸಾಹತು ಕಟ್ಟಲು ಹೋಗಿ ಕೈ ಸುಟ್ಟುಕೊಂಡ ದೇಶ ಇದು. 1707ರಲ್ಲಿ ಎರಡು ಪಾರ್ಲಿಮೆಂಟುಗಳು ಒಂದಾದಾಗ 3,98,085 ಪೌಂಡ್ 10 ಷಿಲಿಂಗ್ ಸ್ಕಾಟ್ಲೆಂಡಿಗೆ ಬಂತು. ಅದರ ದೊಡ್ಡ ಪಾಲು ಡೇರಿಯನ್ನಿನಲ್ಲಿ ಹಣ ಕಳೆದುಕೊಂಡವರಿಗೇ ಹೋಯಿತು. ಆಮೇಲೆ ನಮ್ಮ ಕಡೆಗೆ ಬಂದವರ ಹೆಸರು ನೋಡಿ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಸ್ಕಾಟ್. ಟಿಪ್ಪು ಸತ್ತ ಮೇಲೆ ಕರಾವಳಿಗೆ ಬಂದು ಕಂದಾಯ ನಿಗದಿ ಮಾಡಿದ ಥಾಮಸ್ ಮನ್ರೋ ಗ್ಲಾಸ್ಗೋದವನು. ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದ ಸ್ಟಾರ್ನೊವೇಯವನು. ನಮ್ಮ ಹೊಲ, ಗದ್ದೆ, ಬೆಲ್ಲ, ಅಡಿಕೆಗಳನ್ನೆಲ್ಲ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಕೂಡ ಸ್ಕಾಟೇ. ಸಾಮ್ರಾಜ್ಯದ ಲಾಭದಲ್ಲಿ ಇವರಿಗೂ ಭರ್ತಿ ಪಾಲಿತ್ತು. ಹಾಗಾಗಿ ಇಲ್ಲಿಯದು ಆಳಿಸಿಕೊಂಡವರ ಬಿಡುಗಡೆಯ ಕತೆಯಲ್ಲ, ಮುನ್ನೂರು ವರ್ಷ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಉಂಡ ಅಣ್ಣತಮ್ಮಂದಿರ ಪಾಲುಪತ್ರದ ಕತೆ. ಪಾಲು ಕೇಳುವುದು ತಪ್ಪಲ್ಲ. ಕೇಳಿದ ಮೇಲೆ ಪಾತ್ರೆಪಗಡೆ ಎಣಿಸಲೇಬೇಕು.

1947 ನಮಗೆ ಕಲಿಸಬೇಕಾದ ಪಾಠವೂ ಅಲ್ಲೇ ಇದೆ, ಬಾವುಟ ಏರಿದ ಜಾಗದಲ್ಲಿ ಅಲ್ಲ, ಲೆಕ್ಕದ ಪುಸ್ತಕದಲ್ಲಿ. ಅವಿಭಜಿತ ಭಾರತದ ಆಸ್ತಿ, ಸಾಲಗಳಲ್ಲಿ ಪಾಕಿಸ್ತಾನಕ್ಕೆ ಶೇ 17.5 ಎಂದಾಯಿತು. ಖಜಾನೆಯ ನಗದಿನಲ್ಲಿ ಅದರ ಪಾಲು 75 ಕೋಟಿ ರೂಪಾಯಿ. 20 ಕೋಟಿ ಮೊದಲೇ ಹೋಯಿತು, ಉಳಿದ 55 ಕೋಟಿ 1948ರ ಜನವರಿಯಲ್ಲಿ ಎಂಥ ಬಿರುಗಾಳಿ ಎಬ್ಬಿಸಿತೆಂದು ನಿಮಗೆ ಹೇಳಬೇಕಿಲ್ಲ. ಹೊಸ ದೇಶಕ್ಕೆ ತನ್ನದೇ ನೋಟು ಇರಲಿಲ್ಲ. ನಮ್ಮ ನೋಟಿನ ಮೇಲೇ 'ಗವರ್ನ್‌ಮೆಂಟ್ ಆಫ್ ಪಾಕಿಸ್ತಾನ್' ಎಂದು ಅಚ್ಚು ಹಾಕಿ ಚಲಾಯಿಸಿದರು. 1948ರ ಜೂನ್ 30ರ ತನಕ ಆ ದೇಶದ ಕೇಂದ್ರ ಬ್ಯಾಂಕ್ ಆಗಿದ್ದದ್ದು ನಮ್ಮ ರಿಸರ್ವ್ ಬ್ಯಾಂಕೇ. ಅಷ್ಟೊಂದು ರಕ್ತ ಹರಿಯುತ್ತಿದ್ದಾಗಲೂ ಯಾರೋ ಕೆಲವರು ಮೇಜಿನ ಮುಂದೆ ಕೂತು ನೋಟು ಯಾವುದು, ಸಹಿ ಯಾರದು ಎಂದು ತೀರ್ಮಾನಿಸಬೇಕಾಯಿತು.

ಇಲ್ಲಿಯೂ ಮೊದಲ ಗಂಟು ಅದೇ. ನಾನು ಎಡಿನ್‌ಬರಾದಲ್ಲಿ ಪಿಂಚಣಿ ಲೆಕ್ಕದ ಕೆಲಸ ಮಾಡುವವಳು, ಆದ್ದರಿಂದ ದುಡ್ಡಿನ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ನಿಮ್ಮ ಪರ್ಸಿನಲ್ಲಿರುವ ಹತ್ತು ಪೌಂಡಿನ ನೋಟನ್ನು ಒಮ್ಮೆ ತೆಗೆದು ನೋಡಿ. ಅದು ಬ್ಯಾಂಕ್ ಆಫ್ ಇಂಗ್ಲೆಂಡಿನದಾಗಿರದೆ ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಅಥವಾ ಕ್ಲೈಡ್ಸ್‌ಡೇಲ್ ಬ್ಯಾಂಕಿನದಾಗಿರಬಹುದು. ಇಂಗ್ಲೆಂಡಿನ ಹಳ್ಳಿ ಅಂಗಡಿಯಲ್ಲಿ ಕೊಟ್ಟರೆ ತಿರುಗಿಸಿ ಮುರುಗಿಸಿ ನೋಡುತ್ತಾರಲ್ಲ, ಅದೇ ನೋಟು. "ನಮ್ಮ ಹತ್ತಿರ ಆಗಲೇ ನಮ್ಮದೇ ನೋಟಿದೆ" ಎಂದು ಕೆಲವರು ವಾದಿಸುವುದು ಇದನ್ನು ನೋಡಿಯೇ. ಆದರೆ ಈ ನೋಟಿಗೆ ಬೆಲೆ ಎಲ್ಲಿಂದ ಬಂತು? ಮೂರೂ ಬ್ಯಾಂಕುಗಳು ತಾವು ಅಚ್ಚು ಹಾಕಿದಷ್ಟಕ್ಕೂ ಸರಿಸಮನಾಗಿ ಆಸ್ತಿ ತೋರಿಸಬೇಕು. ಅದರಲ್ಲಿ ದೊಡ್ಡ ಭಾಗ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲೇ ಇರುತ್ತದೆ. ಅಲ್ಲಿನ ಭದ್ರಕೋಣೆಯಲ್ಲಿ ಇದಕ್ಕೆಂದೇ 'ಜೈಂಟ್' ಎಂದು ಕರೆಯುವ ಹತ್ತು ಲಕ್ಷ ಪೌಂಡಿನ ನೋಟುಗಳಿವೆ, 'ಟೈಟನ್' ಎಂಬ ಹತ್ತು ಕೋಟಿ ಪೌಂಡಿನ ನೋಟುಗಳಿವೆ. ಯಾರ ಕೈಗೂ ಬಾರದ, ಅಂಗಡಿಯಲ್ಲಿ ಚಿಲ್ಲರೆ ಸಿಗದ ಕಾಗದ ಅದು. ಸ್ಕಾಟ್ ನೋಟಿನ ಮೇಲೆ ಯಾರ ಚಿತ್ರವಿದ್ದರೂ ಅದರ ಬೆನ್ನಿಗಿರುವುದು ಲಂಡನ್ನಿನ ಆ ಕೋಣೆ.

2013ರ ನವೆಂಬರಿನಲ್ಲಿ ಸ್ಕಾಟ್ ಸರ್ಕಾರ ಒಂದು ದಪ್ಪ ಶ್ವೇತಪತ್ರ ತಂದಿತು. ಪೌಂಡನ್ನೇ ಇಟ್ಟುಕೊಳ್ಳುತ್ತೇವೆ, ಇಂಗ್ಲೆಂಡಿನ ಜೊತೆ ಸೇರಿ ಒಂದೇ ಕರೆನ್ಸಿ ಒಕ್ಕೂಟ ಮಾಡಿಕೊಳ್ಳುತ್ತೇವೆ ಎಂದಿತ್ತು ಅದರಲ್ಲಿ. ಮೂರು ತಿಂಗಳು ಕಳೆಯುವುದರೊಳಗೆ ಬ್ರಿಟನ್ನಿನ ಹಣಕಾಸು ಸಚಿವ ಜಾರ್ಜ್ ಆಸ್ಬರ್ನ್ ಎಡಿನ್‌ಬರಾಕ್ಕೇ ಬಂದು, ಹೋಗುವುದಾದರೆ ಪೌಂಡ್ ಬಿಟ್ಟು ಹೋಗಿ ಎಂದರು. ಲೇಬರ್ ಪಕ್ಷವೂ ಲಿಬರಲ್ ಡೆಮಾಕ್ರಾಟರೂ ಅದಕ್ಕೇ ದನಿಗೂಡಿಸಿದರು. ಪ್ರತ್ಯೇಕತೆಯ ಪರ ಇದ್ದವರು "ಇದೆಲ್ಲ ಬರೀ ಬೆದರಿಕೆ, ಗೆದ್ದ ಮೇಲೆ ಒಪ್ಪುತ್ತಾರೆ" ಎಂದರು. ಮತದಾನದ ದಿನದವರೆಗೂ ಆ ಪ್ರಶ್ನೆ ಹಾಗೇ ಉಳಿಯಿತು. 2018ರಲ್ಲಿ ಬಂದ, ಪ್ರತ್ಯೇಕತೆಯ ಪರ ಇರುವ ಎಸ್‌ಎನ್‌ಪಿ ಪಕ್ಷ ಬರೆಸಿದ ಗ್ರೋತ್ ಕಮಿಷನ್ ವರದಿ ಬೇರೆ ದಾರಿ ಹಿಡಿಯಿತು: ಯಾರ ಅಪ್ಪಣೆಯೂ ಇಲ್ಲದೆ ಪೌಂಡನ್ನೇ ಬಳಸುತ್ತಿರೋಣ, ಆರು ಪರೀಕ್ಷೆ ಪಾಸಾದ ಮೇಲೆ ಸ್ವಂತ ಕರೆನ್ಸಿ. 2022ರ ಅಕ್ಟೋಬರಿನ ಸರ್ಕಾರಿ ಪತ್ರದಲ್ಲಿ ಸ್ಕಾಟಿಷ್ ಪೌಂಡ್ ಬರುವುದು 'ಕಾರ್ಯಸಾಧ್ಯವಾದಷ್ಟು ಬೇಗ' ಎಂದಾಯಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಎಂದು ನಮ್ಮಲ್ಲಿ ಹೇಳುವುದು ಇಂಥದ್ದಕ್ಕೇ.

ಇನ್ನೊಬ್ಬರ ದುಡ್ಡನ್ನು ಅಪ್ಪಣೆಯಿಲ್ಲದೆ ಬಳಸಬಹುದು, ಬಳಸಿದ ದೇಶಗಳಿವೆ. ಮಾಂಟೆನೆಗ್ರೋ 2006ರಲ್ಲಿ ಸರ್ಬಿಯಾದಿಂದ ಬೇರೆಯಾದಾಗ ಆಗಲೇ ಯೂರೋ ಬಳಸುತ್ತಿತ್ತು, ಈಗಲೂ ಬಳಸುತ್ತಿದೆ. ಆದರೆ ಅಲ್ಲಿನ ಬ್ಯಾಂಕು ಮುಳುಗಿದರೆ ಎತ್ತುವುದಕ್ಕೆ ನೋಟು ಅಚ್ಚು ಹಾಕುವ ಯಂತ್ರ ಅದರ ಬಳಿ ಇಲ್ಲ. 2008ರಲ್ಲಿ ಎಡಿನ್‌ಬರಾ ಮೂಲದ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಕುಸಿದಾಗ ಅದರ ಲೆಕ್ಕಪತ್ರದ ಗಾತ್ರ ಇಡೀ ಬ್ರಿಟನ್ನಿನ ವಾರ್ಷಿಕ ಉತ್ಪನ್ನಕ್ಕಿಂತ ದೊಡ್ಡದಿತ್ತು. ಬ್ರಿಟಿಷ್ ಖಜಾನೆ 4,550 ಕೋಟಿ ಪೌಂಡ್ ಸುರಿದು ಅದನ್ನು ಉಳಿಸಿತು. ಎಡಿನ್‌ಬರಾದ ಖಜಾನೆ ಒಂದೇ ಇದ್ದಿದ್ದರೆ ಅಷ್ಟು ದುಡ್ಡು ಎಲ್ಲಿಂದ ಬರುತ್ತಿತ್ತು? 2014ರ ಸೆಪ್ಟೆಂಬರಿನಲ್ಲಿ, ಮತದಾನಕ್ಕೆ ವಾರವಿರುವಾಗ, ಅದೇ ಬ್ಯಾಂಕು ಜನ ಹೌದೆಂದರೆ ತನ್ನ ನೋಂದಾಯಿತ ಕಚೇರಿಯನ್ನು ಇಂಗ್ಲೆಂಡಿಗೆ ಒಯ್ಯುವುದಾಗಿ ಹೇಳಿತು. ಅದನ್ನು ದ್ರೋಹ ಎಂದವರಿದ್ದಾರೆ. ನನ್ನ ಕಣ್ಣಿಗೆ ಅದು ಮಾಮೂಲಿ ಬ್ಯಾಂಕಿನವರ ಲೆಕ್ಕಾಚಾರ. ಠೇವಣಿಗೆ ಆಗ ಇದ್ದ 85,000 ಪೌಂಡಿನ ಖಾತರಿ ಯಾರ ಹೆಸರಿನಲ್ಲಿದೆಯೋ ಗಿರಾಕಿ ಅಲ್ಲಿಗೆ ಹೋಗುತ್ತಾನೆ, ಬ್ಯಾಂಕು ಅವನ ಹಿಂದೆ ಹೋಗುತ್ತದೆ.

ಒಂದೇ ದುಡ್ಡು ಹಂಚಿಕೊಂಡಿರೋಣ ಎಂದು ಒಪ್ಪಿ ಬೇರೆಯಾದವರ ಕತೆಯೂ ಇದೆ. ಚೆಕೊಸ್ಲೊವಾಕಿಯ 1993ರ ಜನವರಿ 1ರಂದು ಜಗಳವಿಲ್ಲದೆ ಎರಡಾಯಿತು. ಆಸ್ತಿ ಎರಡಕ್ಕೊಂದರ ಲೆಕ್ಕದಲ್ಲಿ ಹಂಚಿಕೆಯಾಯಿತು. ಕೊರುನಾ ಇಬ್ಬರಿಗೂ ಇರಲಿ ಎಂದುಕೊಂಡಿದ್ದರು. ಆದರೆ ಸ್ಲೊವಾಕಿಯದ ದುಡ್ಡು ಬೆಲೆ ಕಳೆದುಕೊಳ್ಳುತ್ತದೆಂಬ ಗುಮಾನಿ ಹಬ್ಬಿ, ಜನ ತಮ್ಮ ಉಳಿತಾಯವನ್ನು ಚೆಕ್ ಬ್ಯಾಂಕುಗಳಿಗೆ ಸಾಗಿಸತೊಡಗಿದರು. ಫೆಬ್ರವರಿ 8ಕ್ಕೆ ಆ ಒಕ್ಕೂಟ ಮುಗಿದೇಹೋಯಿತು. ಹೊಸ ನೋಟು ಸಿದ್ಧವಿರಲಿಲ್ಲವಾದ್ದರಿಂದ ಹಳೆಯ ನೋಟಿಗೇ ಅಂಚೆಚೀಟಿಯಂಥ ಪುಟ್ಟ ಚೀಟಿ ಅಂಟಿಸಿದರು, ಈ ಚೀಟಿ ಇದ್ದದ್ದು ಚೆಕ್, ಆ ಚೀಟಿ ಇದ್ದದ್ದು ಸ್ಲೊವಾಕ್. ಅತ್ಯಂತ ಸ್ನೇಹದಿಂದ ಬೇರೆಯಾದವರ ಕರೆನ್ಸಿ ಒಕ್ಕೂಟ ಆರು ವಾರ ಬಾಳಲಿಲ್ಲ.

ಇದರ ಎದುರು ಐರ್ಲೆಂಡನ್ನು ಇಡಿ. 1922ರಲ್ಲಿ ಬೇರೆಯಾದರು, 1928ರಲ್ಲಿ ತಮ್ಮದೇ ಪೌಂಡ್ ತಂದರು, ಅದನ್ನು ಬ್ರಿಟನ್ನಿನ ಪೌಂಡಿಗೆ ಒಂದಕ್ಕೊಂದರಂತೆ ಕಟ್ಟಿಹಾಕಿ 1979ರವರೆಗೆ ಹಾಗೇ ನಡೆಸಿದರು. ಆಗುತ್ತದೆ, ಆಗುವುದಿಲ್ಲ ಎಂದಲ್ಲ. ಆದರೆ ಬಡ್ಡಿ ದರ ಎಷ್ಟಿರಬೇಕೆಂದು ಆ ಐವತ್ತು ವರ್ಷವೂ ಹೆಚ್ಚುಕಡಿಮೆ ಲಂಡನ್ನೇ ನಿರ್ಧರಿಸಿತು. ನೀವು ಗ್ಲಾಸ್ಗೋದಲ್ಲಿ ಮನೆ ಕೊಂಡು ಇಪ್ಪತ್ತೈದು ವರ್ಷದ ಸಾಲ ಮಾಡಿದ್ದೀರಿ ಅಂದುಕೊಳ್ಳಿ. ಸಾಲ ಪೌಂಡಿನಲ್ಲಿದೆ. ನಾಳೆ ಸಂಬಳ ಸ್ಕಾಟಿಷ್ ಪೌಂಡಿನಲ್ಲಿ ಬಂದು, ಅದರ ಬೆಲೆ ಶೇ 10 ಇಳಿದರೆ, ಕಂತು ಆ ಮಟ್ಟಿಗೆ ಭಾರವಾಗುತ್ತದೆ. ಸಾಲವನ್ನೂ ಹೊಸ ದುಡ್ಡಿಗೆ ಬದಲಾಯಿಸುವ ಕಾನೂನು ತಂದರೆ ನಷ್ಟ ಬ್ಯಾಂಕಿಗೆ, ಹಾಗಾಗುತ್ತದೆಂದು ಗೊತ್ತಿದ್ದ ಬ್ಯಾಂಕು ಈಗಲೇ ಸಾಲ ಕೊಡಲು ಹಿಂದೇಟು ಹಾಕುತ್ತದೆ. ಊರಿಗೆ ಕಳಿಸುವ ದುಡ್ಡಿನ ಲೆಕ್ಕವೂ ಇದೇ, ಅದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಾಲದ ಹಂಚಿಕೆಯ ವಿಷಯ ದುಡ್ಡಿನಷ್ಟು ಭಯ ಹುಟ್ಟಿಸುವಂಥದ್ದಲ್ಲ. ಬ್ರಿಟನ್ನಿನ ಹಳೆಯ ಸಾಲಪತ್ರಗಳಿಗೆಲ್ಲ ತಾನೇ ಜವಾಬ್ದಾರಿ ಎಂದು ಲಂಡನ್ನಿನ ಖಜಾನೆ 2014ರ ಜನವರಿಯಲ್ಲೇ ಹೇಳಿತ್ತು. ಸ್ಕಾಟ್ಲೆಂಡ್ ತನ್ನ ಪಾಲನ್ನು ಲಂಡನ್ನಿಗೆ ಕಟ್ಟಬೇಕು, ಎಷ್ಟು ಎಂಬುದು ಚೌಕಾಶಿ. ಐರ್ಲೆಂಡ್ 1921ರ ಒಪ್ಪಂದದಲ್ಲಿ ಸಾಲದ ಪಾಲು ಹೊರಲು ಒಪ್ಪಿತ್ತು. 1925ರಲ್ಲಿ ಗಡಿ ಬದಲಾಗಲಿ ಎಂಬ ಆಸೆ ಬಿಟ್ಟುಕೊಟ್ಟು ಆ ಸಾಲ ಮನ್ನಾ ಮಾಡಿಸಿಕೊಂಡಿತು. ಎಲ್ಲವೂ ಎಲ್ಲದರ ಜೊತೆ ಹೀಗೆ ತಳಕು ಹಾಕಿಕೊಳ್ಳುತ್ತದೆ.

ನನ್ನ ನಿದ್ದೆ ಕೆಡಿಸುವುದು ಹಳೆಯ ಸಾಲ ಅಲ್ಲ, ಪ್ರತಿ ವರ್ಷದ ಕೊರತೆ. ಸ್ಕಾಟ್ ಸರ್ಕಾರವೇ ಪ್ರತಿ ವರ್ಷ ಪ್ರಕಟಿಸುವ ಆದಾಯ ಖರ್ಚಿನ ವರದಿಯ ಪ್ರಕಾರ 2023-24ರಲ್ಲಿ ಇಲ್ಲಿ ಕೂಡುವ ತೆರಿಗೆಗೂ ಇಲ್ಲಿಗಾಗಿ ಆಗುವ ಖರ್ಚಿಗೂ ಇದ್ದ ಅಂತರ ಉತ್ಪನ್ನದ ಶೇ 10ನ್ನು ಮೀರಿತ್ತು. ಇಡೀ ಬ್ರಿಟನ್ನಿನದು ಅದರ ಅರ್ಧಕ್ಕಿಂತ ಕಡಿಮೆ. ಈ ಅಂಕಿಗಳು ಇಂದಿನ ಒಕ್ಕೂಟದ ಚಿತ್ರ, ನಾಳೆಯ ದೇಶದ್ದಲ್ಲ ಎಂದು ಪ್ರತ್ಯೇಕತೆಯ ಪರ ಇರುವವರು ಹೇಳುತ್ತಾರೆ, ಅದರಲ್ಲಿ ಹುರುಳಿದೆ. ಆದರೂ ಹೊಸ ದೇಶದ ಮೊದಲ ಬಜೆಟ್ ಶುರುವಾಗುವುದು ಈ ಗುಂಡಿಯ ಅಂಚಿನಿಂದಲೇ. 2014ರಲ್ಲಿ ಇದಕ್ಕೆ ಸಿಗುತ್ತಿದ್ದ ಉತ್ತರವೆಂದರೆ ಉತ್ತರ ಸಮುದ್ರದ ತೈಲ. ಆ ವರ್ಷದ ಜೂನಿನಲ್ಲಿ ಬ್ಯಾರೆಲ್ಲಿಗೆ 110 ಡಾಲರ್ ದಾಟಿದ್ದ ಬೆಲೆ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿಯಿತು. ಗೆದ್ದಿದ್ದರೆ ಸ್ವಾತಂತ್ರ್ಯ ದಿನ ಎಂದು ಗೊತ್ತುಮಾಡಿದ್ದ ದಿನ ಅದೇ 2016ರ ಮಾರ್ಚ್ 24. ಅಬರ್ಡೀನಿನಲ್ಲಿರುವ ನಮ್ಮ ಇಂಜಿನಿಯರುಗಳಿಗೆ ಆ ಎರಡು ವರ್ಷ ಹೇಗಿತ್ತು, ಎಷ್ಟು ಜನ ಗಲ್ಫಿಗೆ ಹೊರಟರು ಎಂಬುದು ಚೆನ್ನಾಗಿ ನೆನಪಿರುತ್ತದೆ. 2025ರ ಏಪ್ರಿಲ್‌ನಲ್ಲಿ ಸ್ಕಾಟ್ಲೆಂಡಿನ ಏಕೈಕ ತೈಲ ಶುದ್ಧೀಕರಣ ಘಟಕ ಗ್ರೇಂಜ್‌ಮೌತ್ ಕೂಡ ಶುದ್ಧೀಕರಣ ನಿಲ್ಲಿಸಿತು. ಈಗಿನ ಆಸೆ ಗಾಳಿಯ ವಿದ್ಯುತ್ತು. ಗಾಳಿಗೇನೂ ಕೊರತೆಯಿಲ್ಲ, ಈ ಊರಿನಲ್ಲಿ ಕೊಡೆ ಹಿಡಿದು ನಡೆದವರಿಗೆಲ್ಲ ಗೊತ್ತು. ಆದರೆ ಆ ವಿದ್ಯುತ್ತಿನ ದೊಡ್ಡ ಗಿರಾಕಿ ಇಂಗ್ಲೆಂಡ್.

ಗಿರಾಕಿ ಎಂದಾಗ ಗಡಿಯ ಮಾತು ಬರಬೇಕು. ಸ್ಕಾಟ್ಲೆಂಡಿನಿಂದ ಹೊರಗೆ ಹೋಗುವ ಸರಕು, ಸೇವೆಗಳಲ್ಲಿ ಸುಮಾರು ಶೇ 60 ಬ್ರಿಟನ್ನಿನ ಉಳಿದ ಭಾಗಗಳಿಗೇ ಹೋಗುತ್ತದೆ. 2016ರಲ್ಲಿ ಇಲ್ಲಿನ ಶೇ 62 ಮತದಾರರು ಯುರೋಪಿನ ಒಕ್ಕೂಟದಲ್ಲಿ ಉಳಿಯೋಣ ಎಂದಿದ್ದರು, ಆದರೂ ಹೊರಬರಬೇಕಾಯಿತು. ಆ ಸಿಟ್ಟು ನ್ಯಾಯವಾದದ್ದೇ. ಬ್ರಿಟನ್ನಿನಲ್ಲಿ ಉಳಿದರೆ ಮಾತ್ರ ಯುರೋಪು ಖಾತರಿ ಎಂದು 2014ರಲ್ಲಿ ಹೆದರಿಸಿದ್ದು ಲಂಡನ್ನಿನವರೇ ಅಲ್ಲವೆ? ಆದರೆ ಸ್ವತಂತ್ರ ಸ್ಕಾಟ್ಲೆಂಡ್ ಯುರೋಪಿಗೆ ಮರಳಿದ ದಿನ, ಗ್ರೆಟ್ನಾದಿಂದ ಬೆರಿಕ್‌ವರೆಗಿನ ಸುಮಾರು 96 ಮೈಲಿ ಯುರೋಪಿನ ಹೊರಗಡಿಯಾಗುತ್ತದೆ. ನಾವು ನೀವು ಮಾತಾಡುತ್ತಾ ದಾಟುವ, ಬೋರ್ಡು ನೋಡಿದರಷ್ಟೇ ಗೊತ್ತಾಗುವ ಗೆರೆ ಅದು.

ಜನ ದಾಟುವುದು ಕಷ್ಟವಾಗಲಿಕ್ಕಿಲ್ಲ. ಐರ್ಲೆಂಡಿಗೂ ಬ್ರಿಟನ್ನಿಗೂ ನಡುವೆ ಇರುವ ಮುಕ್ತ ಓಡಾಟದ ವ್ಯವಸ್ಥೆ ಇಲ್ಲಿಗೂ ಒದಗಬಹುದು. ಲಾರಿಯ ಪಾಡು ಬೇರೆ. 2021ರ ಜನವರಿಯಲ್ಲಿ ಬ್ರೆಕ್ಸಿಟ್ಟಿನ ಹೊಸ ನಿಯಮ ಜಾರಿಯಾದಾಗ ಸ್ಕಾಟ್ಲೆಂಡಿನ ಏಡಿ, ಸೀಗಡಿ ತುಂಬಿದ ಲಾರಿಗಳಿಗೆ ಏನಾಯಿತು ನೆನಪಿದೆಯೆ? ಹಿಂದಿನ ರಾತ್ರಿ ಹಿಡಿದ ಮಾಲು ಮರುದಿನ ಫ್ರಾನ್ಸಿನ ಮಾರುಕಟ್ಟೆಯಲ್ಲಿರುತ್ತಿತ್ತು. ಈಗ ಆರೋಗ್ಯ ಪ್ರಮಾಣಪತ್ರ, ಸುಂಕದ ಘೋಷಣೆ, ಒಂದು ಪೆಟ್ಟಿಗೆಯ ಕಾಗದ ತಪ್ಪಿದರೆ ಇಡೀ ಲಾರಿ ನಿಂತಿತು. ಮಾಲು ಹಾಳಾಗಿ, ಬೆಲೆ ಬಿದ್ದು, ಆ ತಿಂಗಳು ಲಾರಿಯವರು ಲಂಡನ್ನಿನ ಸರ್ಕಾರಿ ಕಚೇರಿಗಳ ಮುಂದೆಯೇ ಗಾಡಿ ತಂದು ನಿಲ್ಲಿಸಿದರು. ಅದು ಯುರೋಪಿನ ಗಡಿಯಲ್ಲಿ ಆದದ್ದು. ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ವ್ಯಾಪಾರ ಇರುವ ಇಂಗ್ಲೆಂಡಿನ ಗಡಿಯಲ್ಲಿ ಅದೇ ಕಾಗದ ಶುರುವಾದರೆ? ನಿಮ್ಮ ಭಾರತೀಯ ಅಂಗಡಿಯ ಸೋನಾ ಮಸೂರಿ ಅಕ್ಕಿ, ಕರಿಬೇವು, ಫ್ರೀಜರಿನ ಪರೋಟ ಬರುವುದು ಬಹುಪಾಲು ಇಂಗ್ಲೆಂಡಿನ ಗೋದಾಮುಗಳಿಂದ.

ನಮ್ಮವರನ್ನೇ ತಟ್ಟುವ ವಿಷಯಗಳಿಗೆ ಬರುತ್ತೇನೆ. ಇವುಗಳ ಬಗ್ಗೆ ಯಾವ ಪಕ್ಷವೂ ವೇದಿಕೆಯ ಮೇಲೆ ಮಾತಾಡುವುದಿಲ್ಲ.

ನಿಮ್ಮ ಪೇಸ್ಲಿಪ್ ತೆಗೆದರೆ ತೆರಿಗೆ ಸಂಕೇತ 'ಎಸ್' ಅಕ್ಷರದಿಂದ ಶುರುವಾಗಿರುತ್ತದೆ. ಅಂದರೆ ಆದಾಯ ತೆರಿಗೆಯ ದರ ನಿಗದಿ ಮಾಡುವುದು ಎಡಿನ್‌ಬರಾ. ಆಸ್ಪತ್ರೆ, ಶಾಲೆ, ನ್ಯಾಯಾಲಯ ಎಲ್ಲ ಆಗಲೇ ಇಲ್ಲಿನವು. ಸ್ಕಾಟ್ ಕಾನೂನು 1707ರಲ್ಲೂ ಬೇರೆಯೇ ಉಳಿದಿತ್ತು. ಆ ಮಟ್ಟಿಗೆ ಮನೆ ಅರ್ಧ ಬೇರೆಯಾಗಿದೆ. ಅದೇ ಪೇಸ್ಲಿಪ್ಪಿನ ಇನ್ನೊಂದು ಸಾಲು ನ್ಯಾಷನಲ್ ಇನ್ಶೂರೆನ್ಸ್. ಅದು ಹೋಗುವುದು ಬ್ರಿಟನ್ನಿನ ಒಟ್ಟು ಲೆಕ್ಕಕ್ಕೆ. ಪೂರ್ತಿ ಸರ್ಕಾರಿ ಪಿಂಚಣಿ ಬೇಕಾದರೆ ಸಾಮಾನ್ಯವಾಗಿ 35 ವರ್ಷದ ಕಂತು ಬೇಕು, ಏನಾದರೂ ಸಿಗಬೇಕಾದರೆ ಕನಿಷ್ಠ 10. ತುಂಬ ಜನ ತಿಳಿದಿರುವಂತೆ ನಿಮ್ಮ ಹೆಸರಿನಲ್ಲಿ ಗಂಟು ಕಟ್ಟಿ ಇಟ್ಟಿರುವ ದುಡ್ಡು ಅದಲ್ಲ. ಇಂದು ದುಡಿಯುವವರ ಕಂತು ಇಂದಿನ ಮುದುಕರಿಗೆ ಹೋಗುತ್ತದೆ. ನೀವು ಹನ್ನೆರಡು ವರ್ಷ ಬರ್ಮಿಂಗ್‌ಹ್ಯಾಮಿನಲ್ಲಿ, ಹತ್ತು ವರ್ಷ ಗ್ಲಾಸ್ಗೋದಲ್ಲಿ ದುಡಿದು, ಕೊನೆಗೆ ಮೈಸೂರಿಗೆ ಹೋಗಿ ನೆಲೆಸಿದರೆ ನಿಮ್ಮ ಪಿಂಚಣಿ ಕೊಡುವವರು ಯಾರು? ಶ್ವೇತಪತ್ರ ಸ್ಕಾಟ್ಲೆಂಡಿನಲ್ಲೇ ವಾಸವಿರುವವರ ಪಿಂಚಣಿಯ ಹೊಣೆ ಹೊತ್ತಿತ್ತು. ನಾನು ಕೇಳುತ್ತಿರುವುದು ವಾಪಸು ಹೋದವರ ಬಗ್ಗೆ. ಭಾರತದಲ್ಲಿ ನೆಲೆಸಿದವರಿಗೆ ಈಗಲೇ ಬ್ರಿಟಿಷ್ ಪಿಂಚಣಿ ವರ್ಷ ವರ್ಷ ಏರುವುದಿಲ್ಲ, ಅಲ್ಲಿ ಮೊದಲು ಕೈಗೆ ಬಂದ ಮೊತ್ತಕ್ಕೇ ಗಡ್ಡೆಕಟ್ಟಿ ನಿಲ್ಲುತ್ತದೆ. ಅದರ ಮೇಲೆ ಎರಡು ದೇಶಗಳು ಪರಸ್ಪರ ಬೆರಳು ತೋರಿಸಿಕೊಂಡು ಕೂತರೆ ಕೇಳುವವರು ಯಾರು?

ಪಾಸ್‌ಪೋರ್ಟಿನ ವಿಷಯದಲ್ಲಿ ಶ್ವೇತಪತ್ರ ಉದಾರವಾಗಿಯೇ ಇತ್ತು. ಸ್ಕಾಟ್ಲೆಂಡಿನಲ್ಲಿ ವಾಸವಿರುವ ಬ್ರಿಟಿಷ್ ಪ್ರಜೆಗಳೆಲ್ಲ ಮೊದಲ ದಿನದಿಂದಲೇ ಸ್ಕಾಟ್ ಪ್ರಜೆಗಳು ಎಂದಿತ್ತು. ಬ್ರಿಟಿಷ್ ಪಾಸ್‌ಪೋರ್ಟ್ ತೆಗೆದುಕೊಂಡು, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇಟ್ಟುಕೊಂಡವರಿಗೆ ಇದರಿಂದ ಆಗುವುದು ಒಂದಷ್ಟು ಅರ್ಜಿ, ಒಂದಷ್ಟು ಓಡಾಟ. ನಿಜವಾದ ಸಂಕಟ ವೀಸಾದ ಮೇಲೆ ಇರುವವರದು. ನಿಮ್ಮ ಕಂಪನಿಗೆ ಹೊರದೇಶದವರನ್ನು ಕರೆಸಿಕೊಳ್ಳುವ ಪರವಾನಗಿ ಕೊಟ್ಟಿರುವುದು ಬ್ರಿಟನ್ನಿನ ಗೃಹ ಇಲಾಖೆ, ವೀಸಾ ಕೊಟ್ಟಿರುವುದೂ ಅದೇ. ಮೂರು ವರ್ಷ ಡಂಡೀಯಲ್ಲಿ ಕಳೆದವರು ಆಮೇಲೆ ಮ್ಯಾಂಚೆಸ್ಟರಿಗೆ ಕೆಲಸ ಬದಲಾಯಿಸಿದರೆ ಕಾಯಂ ವಾಸದ ಅರ್ಜಿಯಲ್ಲಿ ಆ ಮೂರು ವರ್ಷ ಲೆಕ್ಕಕ್ಕೆ ಬರುತ್ತದೆಯೆ, ಮತ್ತೆ ಒಂದರಿಂದ ಎಣಿಸಬೇಕೆ? ಗಂಡ ಗ್ಲಾಸ್ಗೋದಲ್ಲಿ, ಹೆಂಡತಿ ನ್ಯೂಕ್ಯಾಸಲ್ಲಿನಲ್ಲಿ ಕೆಲಸ ಮಾಡುವ ಮನೆಗಳಿವೆ. ಅವರಿಬ್ಬರ ವೀಸಾ ಎರಡು ದೇಶದ್ದಾದರೆ ಅವಲಂಬಿತರು ಯಾರ ಮೇಲೆ? ಡ್ರೈವಿಂಗ್ ಲೈಸೆನ್ಸಿನಂಥ ಸಣ್ಣ ವಿಷಯ ಕೂಡ ಬರುವುದು ವೇಲ್ಸಿನ ಸ್ವಾನ್‌ಸೀಯಿಂದ, ಅಷ್ಟು ಒಳಗೆ ಹೆಣೆದುಕೊಂಡಿದೆ ಇದೆಲ್ಲ.

ಸೇನೆ, ಅಣ್ವಸ್ತ್ರ ಹೊತ್ತ ಜಲಾಂತರ್ಗಾಮಿಗಳು ನಿಂತಿರುವ ಫಾಸ್ಲೇನ್ ಇವುಗಳ ಬಗ್ಗೆ ದೊಡ್ಡವರು ದೊಡ್ಡದಾಗಿ ಮಾತಾಡುತ್ತಲೇ ಇರುತ್ತಾರೆ, ನನಗೆ ಅದರ ತಿಳಿವಳಿಕೆ ಕಡಿಮೆ. ಒಂದಂತೂ ಹೇಳಬಹುದು. ಆ ಜಲಾಂತರ್ಗಾಮಿಗಳಿಗೆ ಲಂಡನ್ ಬೇರೆ ಜಾಗ ಹುಡುಕುವ ತನಕ ಎಡಿನ್‌ಬರಾದ ಕೈಯಲ್ಲಿರುವ ಅತಿ ಬೆಲೆಬಾಳುವ ಇಸ್ಪೀಟಿನ ಎಲೆ ಅದು. ಪೌಂಡಿನ ಚೌಕಾಶಿಯಲ್ಲಿ ಅದನ್ನು ಎಸೆಯದೆ ಇರುವುದಿಲ್ಲ.

ಇಷ್ಟು ಓದಿ, ಇವಳು ಒಕ್ಕೂಟದ ವಕೀಲಳು ಎಂದುಕೊಳ್ಳಬೇಡಿ. ಲಂಡನ್ನಿಗೂ ಕೇಳಬೇಕಾದ್ದಿದೆ. 2022ರ ನವೆಂಬರ್ 23ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್, ವೆಸ್ಟ್‌ಮಿನ್‌ಸ್ಟರಿನ, ಅಂದರೆ ಲಂಡನ್ನಿನ ಪಾರ್ಲಿಮೆಂಟಿನ, ಒಪ್ಪಿಗೆಯಿಲ್ಲದೆ ಸ್ಕಾಟ್ ಪಾರ್ಲಿಮೆಂಟ್ ಜನಮತಗಣನೆಗೆ ಕಾನೂನು ಮಾಡುವಂತಿಲ್ಲ ಎಂದು ಒಮ್ಮತದ ತೀರ್ಪು ಕೊಟ್ಟಿತು. ಕಾನೂನಿನ ಮಾತು ಸರಿಯೇ ಇರಬಹುದು. ಹಾಗಾದರೆ ಒಪ್ಪಿಗೆ ಯಾವಾಗ ಕೊಡುತ್ತೀರಿ ಎಂದರೆ ಉತ್ತರವಿಲ್ಲ. ಅದೇ ಬ್ರಿಟನ್ ಉತ್ತರ ಐರ್ಲೆಂಡಿಗೆ 1998ರ ಶಾಂತಿ ಒಪ್ಪಂದದಲ್ಲಿ ದಾರಿ ಬರೆದುಕೊಟ್ಟಿದೆ: ಬಹುಮತ ಐರ್ಲೆಂಡಿನ ಜೊತೆ ಸೇರುವ ಕಡೆ ವಾಲಿದಂತೆ ಕಂಡರೆ ಸಚಿವರು ಜನಮತಗಣನೆ ಕರೆಯಲೇಬೇಕು, ಒಂದರಿಂದ ಇನ್ನೊಂದಕ್ಕೆ ಏಳು ವರ್ಷ ಅಂತರ ಇರಬೇಕು. ಬಾಂಬು ಸಿಡಿದ ಕಡೆ ಬಾಗಿಲು, ಮತಪೆಟ್ಟಿಗೆ ನಂಬಿದ ಕಡೆ ಗೋಡೆ. ಇದು ನನಗೆ ನ್ಯಾಯ ಅನ್ನಿಸುವುದಿಲ್ಲ.

ಕೆನಡಾದ ದಾರಿ ನನಗೆ ಹಿಡಿಸುತ್ತದೆ. ಕ್ವಿಬೆಕ್ ಪ್ರಾಂತ್ಯ 1995ರಲ್ಲಿ ಶೇ 50.58ಕ್ಕೆ 49.42ರಂತೆ ಕೂದಲೆಳೆಯಲ್ಲಿ ಉಳಿದುಕೊಂಡಿತು. ಆಮೇಲೆ 1998ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎರಡೂ ಕಡೆಗೆ ಕಟ್ಟು ಹಾಕಿತು. ತಾನೇ ತಾನಾಗಿ ಹೊರಟುಹೋಗುವ ಹಕ್ಕು ಪ್ರಾಂತ್ಯಕ್ಕಿಲ್ಲ. ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಸಿಕ್ಕರೆ ಮಾತುಕತೆಗೆ ಕೂರದೆ ಇರುವ ಹಕ್ಕು ಕೇಂದ್ರಕ್ಕೂ ಇಲ್ಲ. ನಾನು ಬಯಸುವುದು ಇದನ್ನೇ, ಜೊತೆಗೆ ಒಂದು ಮಾತು ಸೇರಿಸಿ: ಮೊದಲು ಮಾತುಕತೆಗೆ ಅಪ್ಪಣೆ ಕೇಳುವ ಮತ, ದುಡ್ಡು, ಗಡಿ, ಪಿಂಚಣಿಯ ಒಪ್ಪಂದ ಕೈಗೆ ಬಂದ ಮೇಲೆ ಅದನ್ನು ಮುಂದಿಟ್ಟು ಇನ್ನೊಂದು ಮತ. ಬ್ರೆಕ್ಸಿಟ್ಟಿನಲ್ಲಿ ಈ ಎರಡನೆಯದು ಇರಲಿಲ್ಲ. 2016ರ ಜೂನಿನಲ್ಲಿ ಬಿದ್ದ ಮತಕ್ಕೆ ಅರ್ಥ ಹುಡುಕುತ್ತಾ 2020ರ ಡಿಸೆಂಬರ್ ಕಳೆಯಿತು, ಅದೂ 47 ವರ್ಷದ ನಂಟು ಬಿಡಿಸಲು. ಇಲ್ಲಿಯದು ಮುನ್ನೂರು ದಾಟಿದೆ. ಎರಡು ಮತ ಎಂದರೆ ಮೊದಲನೆಯದನ್ನು ಮಣ್ಣು ಮಾಡುವ ಉಪಾಯ ಎಂದು ಪ್ರತ್ಯೇಕತೆಯ ಗೆಳೆಯರು ಸಿಟ್ಟಾಗುತ್ತಾರೆ. ಆ ಅಪಾಯ ಇದೆ, ಅಲ್ಲಗಳೆಯುವುದಿಲ್ಲ. ಲಂಡನ್ ಬೇಕೆಂದೇ ಕೆಟ್ಟ ಒಪ್ಪಂದ ಕೊಡಬಹುದು. ಆದರೆ ಒಪ್ಪಂದ ಕೆಟ್ಟದ್ದೆಂದು ಮೊದಲೇ ತಿಳಿಯುವುದು, ಒಳಗೆ ಬಿದ್ದ ಮೇಲೆ ತಿಳಿಯುವುದಕ್ಕಿಂತ ವಾಸಿ.

ನಮ್ಮ ಪಕ್ಕದ ಮನೆಯದ್ದೇ ಉದಾಹರಣೆ ಬೇಕೆ? ಸ್ಕಾಟ್ಲೆಂಡ್ ಮತ ಹಾಕಿದ ವರ್ಷವೇ, ಜೂನ್ 2ರಂದು, ತೆಲಂಗಾಣ ಹುಟ್ಟಿತು. ಅದು ಒಂದೇ ದೇಶದೊಳಗಿನ ಪಾಲು. ರೂಪಾಯಿ ಅದೇ, ಸೇನೆ ಅದೇ, ಪಾಸ್‌ಪೋರ್ಟ್ ಅದೇ. ಸಾಲವನ್ನು 58.32ಕ್ಕೆ 41.68ರಂತೆ ದಶಮಾಂಶ ಹಿಡಿದು ಹಂಚಿದ್ದರು. ಆದರೂ ಹೈದರಾಬಾದ್ ಜಂಟಿ ರಾಜಧಾನಿಯಾಗಿದ್ದ ಹತ್ತು ವರ್ಷದ ಗಡುವು ಮುಗಿದರೂ ಎಷ್ಟೋ ನಿಗಮ, ಸಂಸ್ಥೆಗಳ ಆಸ್ತಿ ಹಂಚಿಕೆಯಾಗದೆ ಉಳಿದಿತ್ತು. ಕೃಷ್ಣಾ ನೀರಿನ ತಕರಾರು ಇಂದಿಗೂ ನಮ್ಮ ಆಲಮಟ್ಟಿಯ ತನಕ ಬಂದು ತಟ್ಟುತ್ತದೆ.

ನಿಮ್ಮಿಂದ ಕೇಳುವುದು ಇಷ್ಟೇ. ಮತದಾರರ ಪಟ್ಟಿಯಲ್ಲಿ ಹೆಸರಿದೆಯೆ ನೋಡಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇದ್ದರೂ, ಇಲ್ಲಿ ಇರಲು ಕಾನೂನಿನ ಅನುಮತಿ ಇದ್ದರೆ ಸ್ಕಾಟ್ ಪಾರ್ಲಿಮೆಂಟಿಗೂ ಸ್ಥಳೀಯ ಕೌನ್ಸಿಲ್ಲಿಗೂ ಮತ ಹಾಕಬಹುದು. ಮನೆಯಲ್ಲಿ ಹದಿನಾರು ದಾಟಿದ ಮಕ್ಕಳಿದ್ದರೆ ಅವರದ್ದೂ ನೋಂದಾಯಿಸಿ. ಯಾವ ಪಕ್ಷದ ಅಭ್ಯರ್ಥಿ ಬಾಗಿಲು ತಟ್ಟಿದರೂ ಚಹಾ ಕೊಟ್ಟು ಕೂರಿಸಿ ಕೇಳಿ. ಪ್ರತ್ಯೇಕತೆಯ ಪರದವರಾದರೆ: ಮೊದಲ ತಿಂಗಳ ಸಂಬಳ ಯಾವ ದುಡ್ಡಿನಲ್ಲಿ, ನನ್ನ ಮನೆ ಸಾಲ ಯಾವುದರಲ್ಲಿ, ಬ್ಯಾಂಕು ಬಿದ್ದರೆ ಖಾತರಿ ಯಾರದು? ಒಕ್ಕೂಟದ ಪರದವರಾದರೆ: ಜನ ಹೊರಹೋಗಲು ಬಯಸಿದರೆ ಕೇಳುವ ದಾರಿ ಯಾವುದು, ಯಾವ ದಿನ, ಯಾವ ಕಾಗದದಲ್ಲಿ ಬರೆದಿದೆ? ಉತ್ತರವನ್ನು ಇಮೇಲಿನಲ್ಲಿ ಕಳಿಸಲು ಹೇಳಿ. ಬಾಯಿಮಾತಿನ ಉತ್ತರ ಇಬ್ಬರ ಹತ್ತಿರವೂ ಬೇಕಾದಷ್ಟಿದೆ.

ಇಂತಿ,
ನಿಮ್ಮಂತೆಯೇ ಇಲ್ಲಿ ತೆರಿಗೆ ಕಟ್ಟುವ ಒಬ್ಬ ಕನ್ನಡತಿ
ಎಡಿನ್‌ಬರಾ